ಬಾಣಂತಿ ಗುಡಿಸಲಿನ ನಂಬಿಕೆ

ಜಯಕ್ಕನಿಗೆ ಗಂಡನ ಮೇಲಿದ್ದದ್ದು ಸಣ್ಣಪುಟ್ಟ ಸಿಟ್ಟಲ್ಲ. ಆ ಮನುಷ್ಯ ಬಾಯಿ ತೆರೆದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು. ತಿಪಟೂರಿನಲ್ಲಿ ಮೇಷ್ಟ್ರಾಗುವವರಿಗೆ ಮನಶ್ಶಾಸ್ತ್ರ ಕಲಿಸುವ ತಿಪ್ಪೇಸ್ವಾಮಿ ಮನೆಗೆ ಬಂದರೂ ಪಾಠ ನಿಲ್ಲಿಸುತ್ತಿರಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ಅದು 'ಅದುಮಿಟ್ಟ ಕೋಪ'. ಪಕ್ಕದ ಮನೆಯ ಹೊಸ ಟೀವಿಯ ಮಾತೆತ್ತಿದರೆ 'ಕೀಳರಿಮೆ'. ಸುಮ್ಮನೆ ಕೂತರೆ 'ಅಂತರ್ಮುಖಿ'. ಬೇಯಿಸಿ ಹಾಕುವ ಹೆಂಡತಿಯೂ ಅವನಿಗೆ ಒಂದು ಉದಾಹರಣೆ, ಅಷ್ಟೆ.

ಹಾಳಾಗಿ ಹೋಗಲಿ ಎಂದು ಅವಳು ನುಂಗಿಕೊಂಡಿದ್ದಳು. ಆದರೆ ತೊಂಬತ್ತೆಂಟರ ಜೂನಿನಲ್ಲಿ ಅವನ ಪಾಠ ಮಗಳ ಬುಡಕ್ಕೇ ಬಂತು. ಆರು ವರ್ಷದ ಮಂಜುಶ್ರೀ ಅಮ್ಮನ ಸೆರಗು ಬಿಡುತ್ತಿರಲಿಲ್ಲ, ಶಾಲೆಯ ಬಾಗಿಲಲ್ಲಿ ಅತ್ತು ವಾಂತಿ ಮಾಡಿಕೊಳ್ಳುತ್ತಿದ್ದಳು.

"ಮೊದಲನೇ ವರ್ಷದಲ್ಲಿ ಮಗೂಗೆ ತಾಯಿಯಿಂದ ನಂಬಿಕೆ ಸಿಗಬೇಕು. ಇವಳಿಗೆ ಸಿಕ್ಕಿಲ್ಲ. ಅದು ನಿನ್ನ ತಪ್ಪು" ಎಂದ ತಿಪ್ಪೇಸ್ವಾಮಿ. "ಶೆಟ್ಟಿಕೆರೆಗೆ ಅಕ್ಕನ ಮನೆಗೆ ಕಳಿಸ್ತೀನಿ. ಅಲ್ಲೇ ಬೆಳೀಲಿ."

ಮೊದಲನೇ ವರ್ಷವಂತೆ! ಹುಳಿಯಾರು ಕಡೆಯ ಇವರ ಹಟ್ಟಿಯಲ್ಲಿ ಹೆತ್ತವಳು ಮೈಲಿಗೆ. ಕೂಸಿನ ಜೊತೆ ತಿಂಗಳುಗಟ್ಟಲೆ ಹಟ್ಟಿಯಾಚೆಯ ಗುಡಿಸಲಲ್ಲಿರಬೇಕು. ತಿಪಟೂರಿನಲ್ಲಿ ಆಸ್ಪತ್ರೆಯಿದ್ದರೂ ತಿಪ್ಪೇಸ್ವಾಮಿ ಅವ್ವನಿಗೆ ಹೆದರಿ ಹೆಂಡತಿಯನ್ನು ಆ ಗುಡಿಸಲಿಗೇ ಕರೆದೊಯ್ದಿದ್ದ. ತೆಂಗಿನ ಗರಿಯ ಸೂರು ಸೋರುತ್ತಿತ್ತು. ಮಗುವಿಗೆ ಜ್ವರ ಬಂದಾಗ ಈ ಮಹಾನುಭಾವ ಮುಳ್ಳುಬೇಲಿಯಾಚೆ ನಿಂತು ಔಷಧಿಯ ಪೊಟ್ಟಣ ಎಸೆದು ಹೋಗಿದ್ದ.

"ಬೇಲಿ ದಾಟಕ್ಕೆ ಧೈರ್ಯ ಇರ್ಲಿಲ್ಲ ನಿಮ್ಗೆ. ಈಗ ತಪ್ಪು ನಂದಾ?" ಎಂದು ಜಯಕ್ಕ ಮುಖಕ್ಕೇ ಕೇಳಿದಳು.

ಅವನು ಕನ್ನಡಕ ಒರೆಸಿಕೊಂಡ. "ನಮ್ಮ ತಪ್ಪನ್ನ ಇನ್ನೊಬ್ಬರ ಮೇಲೆ ಹಾಕೋದಕ್ಕೂ ಒಂದು ಹೆಸರಿದೆ, ಜಯಾ. ಪ್ರಕ್ಷೇಪಣ ಅಂತಾರೆ."

ಈಳಿಗೆಮಣೆ ಎತ್ತಿ ಅವನ ತಲೆಯ ಮೇಲೆ ಹಾಕಬೇಕೆನ್ನಿಸಿತು ಅವಳಿಗೆ.

ಸೋಮವಾರ ಅವನ ಅಕ್ಕ ಕೆಂಚಮ್ಮ ಹುಡುಗಿಯ ಬಟ್ಟೆಗೆಂದು ಖಾಲಿ ಬ್ಯಾಗು ಹಿಡಿದು ಬಂದಳು. ಜಯಕ್ಕನನ್ನು ಕಂಡರೆ ಮೊದಲಿನಿಂದಲೂ ಆಗದವಳು. ಮಂಜುಶ್ರೀಯ ರಟ್ಟೆ ಹಿಡಿದು ಎಳೆದಳು. ಹುಡುಗಿ ಅಮ್ಮನ ಸೊಂಟ ತಬ್ಬಿ ಹಿಡಿದಳು.

"ಯಾಕ್ಲಾ ಹಿಂಗಾಡ್ತದೆ ಇದು?" ಎಂದಳು ತಮ್ಮನಿಗೆ.

ತಿಪ್ಪೇಸ್ವಾಮಿ ಹುರುಪಿನಿಂದ ವಿವರಿಸಿದ. ಹಸುಗೂಸಾಗಿದ್ದಾಗ ತಾಯಿ ಸರಿಯಿಲ್ಲದಿದ್ದರೆ ಮಗು ಜನ್ಮದಲ್ಲಿ ಯಾರನ್ನೂ ನಂಬುವುದಿಲ್ಲ. ಇವಳು ಗುಡಿಸಲಲ್ಲಿ ಅಳುತ್ತಾ ಕೂತಿದ್ದಳೇ ಹೊರತು ಮಗುವನ್ನು ನೋಡಿಕೊಳ್ಳಲಿಲ್ಲ, ಎಂದ.

ಕೆಂಚಮ್ಮನ ಕೈ ಸಡಿಲವಾಯಿತು. "ನಾನೂ ಅದೇ ಗುಡ್ಲಲ್ಲಿ ಮೂರು ಹೆತ್ತಿದೀನಿ. ನಕ್ಕಂಡು ಕೂತಿದ್ನೇನ್ಲಾ?"

"ನಿನ್ನ ವಿಷಯ ಬೇರೆ, ಅಕ್ಕ."

"ಏನ್ ಬೇರೆ? ಎಲ್ಡನೇದು ಅಲ್ಲೇ ತಣ್ಣಗಾಗೋಯ್ತು. ಅದೂ ನನ್ ತಪ್ಪಾ?"

"ಶಾಸ್ತ್ರ ಏನ್ ಹೇಳುತ್ತೆ ಅಂದ್ರೆ..."

"ನೀನ್ ಹುಟ್ಟಿದ್ದೂ ಅಲ್ಲೇ ಕಣ್ಲಾ. ಅವ್ವ ಅಳ್ತಿದ್ದುದ್ನ ಬೇಲಿ ಸಂದೀಲಿ ನಾನೇ ನೋಡಿದೀನಿ. ಹಟ್ಟಿಗೋಗಿ ಅವ್ವನ ಮುಂದೆ ನಿಂತ್ಕಂಡು ನೀನು ಸರಿಯಾದ ತಾಯಲ್ಲ ಅಂತ ಹೇಳ್ಬುಟ್ಟು ಬಾ. ಆಮ್ಯಾಲೆ ಈ ಕೂಸ್ನ ಕರ್ಕಂಡು ಹೋಯ್ತೀನಿ."

ತಿಪ್ಪೇಸ್ವಾಮಿ ಎದ್ದು ಚಪ್ಪಲಿ ಮೆಟ್ಟಿದ, ಮತ್ತೆ ಬಿಟ್ಟ. ಅವನು ಹೋಗುವವನಲ್ಲ ಎಂದು ಇಬ್ಬರು ಹೆಂಗಸರಿಗೂ ಗೊತ್ತಿತ್ತು.

ಕೆಂಚಮ್ಮ ಖಾಲಿ ಬ್ಯಾಗು ಮಡಚಿ ಕಂಕುಳಿಗೆ ಸಿಕ್ಕಿಸಿದಳು. "ನಿನ್ ಮೇಲಿನ್ ಪ್ರೀತಿಗಲ್ಲ ಕಣೇ" ಎಂದು ಜಯಕ್ಕನ ಮುಖವನ್ನೂ ನೋಡದೆ ಹೇಳಿ ಬಸ್‌ಸ್ಟ್ಯಾಂಡಿಗೆ ನಡೆದಳು. ಜಯಕ್ಕನೂ 'ಕೂತು ಹೋಗಿ' ಎನ್ನಲಿಲ್ಲ. ಮಗಳನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. ಆರು ವರ್ಷದ ಹುಡುಗಿ, ಭಾರವಿದ್ದಳು, ಇಳಿಸಲಿಲ್ಲ.