ಮುನಿವೆಂಕಟಮ್ಮನವರ ಬುಟ್ಟಿಗಳು

ಈಗ ನಾನು ಮಾಡುತ್ತಿರುವ ಕೆಲಸ ನನಗೆ ಸಿಕ್ಕಿದ್ದು ಒಂದು ಸುಳ್ಳಿನಿಂದ. ಉದ್ದದ ಸುಳ್ಳೇನಲ್ಲ, ಎರಡೇ ಮಾತು — "ಹೌದು ಸಾರ್." ಆ ಎರಡು ಮಾತಿನಿಂದ ಮುನಿವೆಂಕಟಮ್ಮ ಎಂಬ ಹೆಂಗಸಿಗೆ ಸಿಗಬೇಕಾಗಿದ್ದ ಮೇಸ್ತ್ರಿ ಕೆಲಸ ತಪ್ಪಿಹೋಯಿತು. ಹನ್ನೊಂದು ವರ್ಷ ಇದನ್ನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಆಗ ನಾನು ಶಿಡ್ಲಘಟ್ಟದ ಒಂದು ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ ಇಂಜಿನಿಯರ್. ಚಿಂತಾಮಣಿಯ ಮನೆಯಿಂದ ದಿನಾ ಬೆಳಗ್ಗೆ ಬಸ್ಸಿನಲ್ಲಿ ಬರುತ್ತಿದ್ದೆ. ಯಂತ್ರ ನೋಡಿಕೊಳ್ಳುವುದು ನನ್ನ ಪಾಲಿನದು. ರೇಷ್ಮೆಗೂಡು ಬೇಯಿಸುವುದು ಮುನಿವೆಂಕಟಮ್ಮನವರದು — ಸಾದಲಿಯವರು, ನನ್ನ ತಾಯಿಗಿಂತ ದೊಡ್ಡವರು, ಇಪ್ಪತ್ತು ವರ್ಷದಿಂದ ಅದೇ ಬಿಸಿನೀರಿನ ಮುಂದೆ ನಿಂತವರು. ಬೆಂದ ಗೂಡಿನಿಂದ ಎಳೆ ಸಲೀಸಾಗಿ ಬಂದರೆ ಎಲ್ಲರಿಗೂ ನೆಮ್ಮದಿ. ಕಡಿದರೆ ಯಂತ್ರ ನಿಲ್ಲುತ್ತದೆ, ಎಲ್ಲರೂ ನನ್ನ ಮುಖ ನೋಡುತ್ತಾರೆ.

ಆ ವರ್ಷ ಎಳೆ ಕಡಿಯುತ್ತಲೇ ಇತ್ತು. ಮೂರು ವಾರ ಯಂತ್ರ ಬಿಚ್ಚಿದೆ, ಜೋಡಿಸಿದೆ, ವೇಗ ಇಳಿಸಿದೆ, ನೀರಿನ ಬಿಸಿ ಅಳೆದೆ. ಏನೂ ಪ್ರಯೋಜನವಾಗಲಿಲ್ಲ. ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಮುನಿವೆಂಕಟಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದರು.

"ಮಿಷನ್ನಿಗೇನೂ ಆಗಿಲ್ಲ ಮೇಡಂ, ಸುಮ್ನೆ ಯಾಕೆ ಅದರ ಪ್ರಾಣ ತೆಗೀತೀರ? ಗೂಡು ಬೆರೆಸ್ತಾರಲ್ಲ, ಅದೇ ತೊಂದ್ರೆ."

ಮಾರುಕಟ್ಟೆಯಲ್ಲಿ ನಾಲ್ವರು ರೈತರ ಗೂಡು ಕೊಂಡು, ಯಂತ್ರ ಖಾಲಿ ನಿಲ್ಲಬಾರದೆಂದು ಎಲ್ಲವನ್ನೂ ಒಂದೇ ರಾಶಿಗೆ ಸುರಿಯುವುದು ನಮ್ಮಲ್ಲಿ ವಾಡಿಕೆಯಾಗಿತ್ತು. ಒಬ್ಬರ ಗೂಡು ದಪ್ಪ, ಇನ್ನೊಬ್ಬರದು ತೆಳು. ಎಲ್ಲವನ್ನೂ ಒಂದೇ ಹೊತ್ತು ಬೇಯಿಸಿದರೆ ತೆಳುವಾದದ್ದು ಮುದ್ದೆಯಾಗುತ್ತದೆ, ದಪ್ಪನೆಯದು ಬೇಯುವುದೇ ಇಲ್ಲ. ಮುನಿವೆಂಕಟಮ್ಮ ರಾಶಿಯಿಂದ ಎರಡು ಗೂಡು ತೆಗೆದು, ಮುಷ್ಟಿಯಲ್ಲಿಟ್ಟು, ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಒತ್ತಿದರು. "ಇದಕ್ಕೆ ಎರಡು ನಿಮಿಷ ಜಾಸ್ತಿ ಬೇಕು. ಇದು ಬೇಗ ಬೆಂದೋಗ್ತದೆ. ಬೇರೆ ಬೇರೆ ಬುಟ್ಟೀಲಿ ಇಡ್ಸಿ ನೋಡಿ."

ಇಡಿಸಿದೆ. ಒಂದು ವಾರ ಅವರು ಹೇಳಿದಷ್ಟೇ ನಿಮಿಷ ಬೇಯಿಸಿದೆವು. ಎಳೆ ಕಡಿಯುವುದು ನಿಂತೇ ಹೋಯಿತು. ಅಬ್ಬಾ, ಆ ಹೆಬ್ಬೆರಳು! ನಾನು ನಾಲ್ಕು ವರ್ಷ ಓದಿ ಕಲಿತಿದ್ದ ಯಾವ ಅಳತೆಗೂ ಆ ಸೂಕ್ಷ್ಮ ಇರಲಿಲ್ಲ. ಅವರ ಪಕ್ಕದಲ್ಲಿ ನಿಂತು, ನಾನೂ ಗೂಡು ಒತ್ತಿ, ತಪ್ಪು ಹೇಳಿ, ಬೈಸಿಕೊಂಡು ಕಲಿತೆ. ಅಷ್ಟು ಖುಷಿಯಾಗಿ ನಾನು ಯಾವ ಕಾಲೇಜಿನಲ್ಲೂ ಕಲಿತಿಲ್ಲ.

ಆ ವಾರದ ಕೊನೆಗೆ ಅವರು ಸಂಕೋಚದಿಂದ ಕೇಳಿದರು: "ಬೇಯಿಸೋ ಕಡೆಗೆ ಮೇಸ್ತ್ರಿ ತಗೋತಾರಂತೆ. ಬುಟ್ಟಿ ವಿಚಾರ ನಾನು ಹೇಳಿದ್ದು ಅಂತ ಯಜಮಾನರಿಗೆ ಒಂದ್ ಮಾತು ಹೇಳಮ್ಮ. ನಿನ್ನ ಮಾತು ಕೇಳ್ತಾರೆ." ಮೊದಲ ಸಲ ನನ್ನನ್ನು ಮೇಡಂ ಅನ್ನದೆ ಅಮ್ಮ ಅಂದಿದ್ದರು. ಹೇಳ್ತೀನಿ ಅಂದೆ. ಹೇಳಬೇಕೆಂದೇ ಇದ್ದೆ ಕೂಡ —

ಅದೇ ದಿನಗಳಲ್ಲಿ ನಾನು ಇಂಜಿನಿಯರಿಂಗ್ ಬಿಟ್ಟು, ಕಂಪನಿಗಳಿಗೆ ಸಲಹೆ ಕೊಡುವ ಕನ್ಸಲ್ಟಿಂಗ್ ಸಂಸ್ಥೆಯೊಂದಕ್ಕೆ ಸೇರಲು ಅರ್ಜಿ ಹಾಕಿದ್ದೆ. ನೀವೇ ಬಿಡಿಸಿದ ಒಂದು ಸಮಸ್ಯೆಯನ್ನು ವಿವರಿಸಿ ಎಂದು ಅವರು ಕೇಳಿದ್ದರು. ನನ್ನ ಹತ್ತಿರ ಅಂಥದ್ದು ಒಂದೂ ಇರಲಿಲ್ಲ. ಮುನಿವೆಂಕಟಮ್ಮನವರದು ಇತ್ತು.

ಚಿತ್ರ, ಲೆಕ್ಕ ಎಲ್ಲ ಹಾಕಿ ವರದಿ ಬರೆದೆ, ಕೆಳಗೆ ನನ್ನ ಒಬ್ಬಳದೇ ಹೆಸರು. ಶಿಫಾರಸು ಪತ್ರ ಕೇಳಲೆಂದು ಅದನ್ನು ಕಾರ್ಖಾನೆಯ ಯಜಮಾನರಿಗೆ ತೋರಿಸಿದೆ. ಅವರು ಓದಿ ತಲೆಯೆತ್ತಿದರು. "ಇದನ್ನ ನೀವೇ ಕಂಡುಹಿಡಿದ್ರಾ?"

"ಹೌದು ಸಾರ್."

ಅವರು ನನ್ನನ್ನು ಹೊಗಳಿ ಪತ್ರ ಬರೆದುಕೊಟ್ಟರು. ಸಂದರ್ಶನದಲ್ಲಿ, ಗೂಡನ್ನು ಮುಷ್ಟಿಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒತ್ತುವುದು ಹೇಗೆಂದು ಖಾಲಿ ಕೈಯಲ್ಲಿ ಮಾಡಿ ತೋರಿಸಿದೆ. ನಾಚಿಕೆಗೇಡಿ ನಾನು, ಕಣ್ಣು ಕೂಡ ಮುನಿವೆಂಕಟಮ್ಮನವರ ಹಾಗೆಯೇ ಮುಚ್ಚಿದೆ. ಕೆಲಸ ಸಿಕ್ಕಿತು. ಮೇಸ್ತ್ರಿಯಾಗಿ ಹೊರಗಿನವರೊಬ್ಬರನ್ನು ತಂದರು. ಅವರಿಗೆ ಗೂಡು ಒತ್ತಿ ನೋಡುವುದನ್ನು ಹೇಳಿಕೊಟ್ಟವರು ಯಾರು ಅಂತೀರಿ? ಮುನಿವೆಂಕಟಮ್ಮನವರೇ. ಅದನ್ನು ಕಣ್ಣಾರೆ ಕಂಡೇ ನಾನು ಆ ಕಾರ್ಖಾನೆ ಬಿಟ್ಟೆ.

ಈಗ ಯಾವ ಕಾರ್ಖಾನೆಗೆ ಹೋದರೂ ಮೊದಲು ಯಂತ್ರದ ಪಕ್ಕ ನಿಂತವರನ್ನು ಮಾತಾಡಿಸುತ್ತೇನೆ. ಇದು ನನ್ನ ವಿಶೇಷ ಎಂದು ಜೊತೆಯವರು ಮೆಚ್ಚುತ್ತಾರೆ. ಪ್ರತಿ ಸಲ ಮೆಚ್ಚಿದಾಗಲೂ ಆ ಒದ್ದೆ ಕೈ ಕಣ್ಣ ಮುಂದೆ ಬರುತ್ತದೆ — ಬಂದರೂ ಬಾಯಿ ಮುಚ್ಚಿಕೊಂಡೇ ಇದ್ದೆ.

ಹೋದ ತಿಂಗಳು ಸಾದಲಿಗೆ ಹೋದೆ. ಮುನಿವೆಂಕಟಮ್ಮ ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಜಗಲಿಯ ಮೇಲೆ ಕೂತು ಹುರಳಿ ಆರಿಸುತ್ತಿದ್ದರು. ಗುರುತು ಹಿಡಿದು, ಕೂರಿಸಿ, ಮಜ್ಜಿಗೆ ಕೊಟ್ಟರು. ನಾನು ಅಳುತ್ತಲೇ ಎಲ್ಲ ಹೇಳಿದೆ. ಅವರ ಕೈ ಹುರಳಿಯ ಮೇಲೆ ಒಂದು ಗಳಿಗೆಯೂ ನಿಲ್ಲಲಿಲ್ಲ.

"ಅವತ್ತು ನಾನು ಬಾಗಿಲ ಹತ್ರಾನೇ ಇದ್ದೆ ಕಣಮ್ಮ. ಕೇಳಿಸ್ತು."

"ಮತ್ತೆ ಯಾಕೆ ಅಲ್ಲೇ ನಂಗೆ ಉಗೀಲಿಲ್ಲ?"

"ನೀನೇ ಹೇಳ್ತೀಯ ಅಂತ ನೋಡ್ತಾ ಇದ್ದೆ. ಆಮೇಲೆ ನೋಡೋದು ಬಿಟ್ಟೆ." ಮೊರದಲ್ಲಿದ್ದ ಹುರಳಿಯನ್ನು ಒಮ್ಮೆ ಕೇರಿ ನನ್ನನ್ನು ನೇರವಾಗಿ ನೋಡಿದರು. "ಈಗ ಬಂದು ನಂಗೆ ಹೇಳಿದ್ರೆ ಏನು ಬಂತು? ನಂಗೆ ಗೊತ್ತಿರೋದೇ ಅಲ್ವಾ. ಗೊತ್ತಿಲ್ಲದೋರಿಗೆ ಹೇಳು, ಹೋಗು."

ಕ್ಷಮಿಸಿದೆ ಅನ್ನಲಿಲ್ಲ. ಕೇಳುವ ಮುಖ ನನಗೂ ಇರಲಿಲ್ಲ. ಅಲ್ಲಿಂದ ನೇರ ಯಜಮಾನರ ಬಳಿ ಹೋಗಿ ಹೇಳಿದೆ. ಮಾರನೆಯ ದಿನ ನನ್ನ ಸಂಸ್ಥೆಯಲ್ಲಿ ಹೇಳಿದೆ. ಇನ್ನು ಉಳಿದ ಗೊತ್ತಿಲ್ಲದವರು ನೀವು. ಗೂಡನ್ನು ಬೇರೆ ಬೇರೆ ಬುಟ್ಟಿಯಲ್ಲಿ ಇಡಬೇಕೆಂದು ಕಂಡುಕೊಂಡದ್ದು ನಾನಲ್ಲ. ಸಾದಲಿಯ ಮುನಿವೆಂಕಟಮ್ಮ.