ಗೀಚಿದ ದೊರೆಯ ಗಡಿಯಾರ

ಕಾಕ್ಸ್ ಟೌನಿನ ನಮ್ಮ ನೆರೆಯವರ ಹಾಲ್‌ನಲ್ಲಿ, ಡಯಲ್ಲಿನ ಮೇಲೆ ರಾಜಕೀಯ ಚಿತ್ರಗಳಿದ್ದ ಹಳೆಯ ಗಡಿಯಾರಗಳಿದ್ದವು. ಒಂದು ಗೋಡೆಗೆ ಪಟ್ಟಾಭಿಷೇಕದ ಬ್ರಿಟಿಷ್ ದೊರೆಗಳು, ಎದುರು ಗೋಡೆಗೆ ಚರಕ, ತ್ರಿವರ್ಣ. ನೆರೆಯವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಅವನ್ನು ನೋಡುತ್ತಿದ್ದರು. ಯಾರಾದರೂ ಧೂಳು ಒರೆಸಲು ಹೋದರೆ, "ಮುಟ್ಬೇಡಿ, ಅದು ಮಾತಾಡ್ತಿದೆ" ಎನ್ನುತ್ತಿದ್ದರು.

ಬ್ರಿಟಿಷರ ಆಫೀಸಿನಲ್ಲಿ ಗುಮಾಸ್ತರಾಗಿದ್ದ ನನ್ನ ಡ್ಯಾಡಿಯ ಗಡಿಯಾರವನ್ನು ನೆರೆಯವರ ಕಲೆಕ್ಷನ್ನಿಗೆ ಕೊಡಲು ಒಯ್ದೆ. ಡಯಲ್ಲಿನ ದೊರೆಯ ಮುಖವನ್ನು ಯಾರೋ ಗೀಚಿದ್ದರು.

"ಯಾವನೋ ರೌಡಿ ಕೆಲಸ. ಪೇಂಟ್ ಮಾಡಿಸ್ಬಿಡಿ, ಪ್ಲೀಸ್. ಡ್ಯಾಡಿಯ ಪ್ರೈಡ್ ಅದು," ಎಂದೆ.

ಅವರು ಭೂತಗನ್ನಡಿ ಹಿಡಿದು ಬಗ್ಗಿದರು. "ಗಾಜಿನ ಮೇಲೆ ಒಂದು ಗೆರೆನೂ ಇಲ್ಲ, ಮೇಡಂ. ಗಾಜಿನ ಬಾಗಿಲ ಬೀಗ ತೆಗೆದೇ ಒಳಗೆ ಗೀಚಿದಾರೆ. ಕೀ ಯಾರ ಹತ್ರ ಇರ್ತಿತ್ತು?"

ಸದಾ ಡ್ಯಾಡಿಯ ಜೇಬಿನಲ್ಲಿ. ದೊರೆಯ ವಿರುದ್ಧ ಎಂದೂ ತುಟಿ ಬಿಚ್ಚದ ನನ್ನ ಡ್ಯಾಡಿ!

"ಪೇಂಟ್ ಮಾಡಿಸ್ಲಾ?" ಎಂದರು ಅವರು.

"ಮುಟ್ಬೇಡಿ," ಎಂದೆ.

ಅವರು ದೊರೆಗಳ ಗೋಡೆಯನ್ನು ದಾಟಿ ಹೋಗಿ, ಅದನ್ನು ಚರಕದ ಪಕ್ಕ ತೂಗುಹಾಕಿದರು.