ಮೇಷ್ಟ್ರು ಮುಟ್ಟದ ರೊಟ್ಟಿ

ಪಾಷಾಣವನ್ನು ಕೆಂಡದ ಮೇಲೆ ಹಾಕಿದರೆ ಬೆಳ್ಳುಳ್ಳಿಯ ವಾಸನೆ ಬರುತ್ತದೆ. ಯಂತ್ರಗಳಿಲ್ಲದ ಕಾಲದಲ್ಲಿ ವಿಷ ಪತ್ತೆ ಮಾಡುವವರಿಗೆ ಅದೂ ಒಂದು ಸುಳಿವಾಗಿತ್ತು. ಮೊನ್ನೆ ಯೂನಿವರ್ಸಿಟಿಯಲ್ಲಿ ಹುಡುಗ ಹುಡುಗಿಯರಿಗೆ ಇದನ್ನೇ ಹೇಳುತ್ತಿದ್ದೆ. ನಿವೃತ್ತಿಯಾಗಿ ಎಷ್ಟೋ ಕಾಲವಾಯಿತು, ಆದರೂ ವಿಭಾಗದವರು ಕರೆದರೆ ಹೋಗಿ ಒಂದು ಪಾಠ ಮಾಡಿ ಬರುವ ಚಪಲ ನನಗೆ ಬಿಟ್ಟಿಲ್ಲ. ಮಾತು ಮುಗಿಯುವಷ್ಟರಲ್ಲಿ ನಿಜವಾಗಿಯೂ ಬೆಳ್ಳುಳ್ಳಿಯ ವಾಸನೆ ಬಂತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹಸಿವು ತಾಳಲಾರದೆ ಮೇಜಿನ ಕೆಳಗೆ ಊಟದ ಡಬ್ಬಿ ತೆಗೆದಿದ್ದಳು. ರೊಟ್ಟಿ, ಕೆಂಪು ಚಟ್ನಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಪಾಠ ಮುಂದೆ ಸಾಗಲಿಲ್ಲ... ನನ್ನ ಕಣ್ಣ ಮುಂದೆ ಮೇಷ್ಟ್ರು ಬಂದು ನಿಂತಿದ್ದರು, ಗದ್ದೆಯ ಬದುವಿನ ಮೇಲೆ, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಸೊರಬದ ಕಡೆಯ ನಮ್ಮ ಹಳ್ಳಿಯಲ್ಲಿ ಮೇಷ್ಟ್ರ ಮನೆ ನಮ್ಮ ಮನೆಯ ಪಕ್ಕದ್ದು, ಅವರ ಗದ್ದೆಯೂ ನಮ್ಮ ಗದ್ದೆಗೆ ಹೊಂದಿಕೊಂಡಿತ್ತು. ದೂರದ ಯೂನಿವರ್ಸಿಟಿಯಲ್ಲಿ ಅವರು ರಸಾಯನಶಾಸ್ತ್ರ ಕಲಿಸುತ್ತಿದ್ದರು. ಅದರಲ್ಲೂ ಸತ್ತವರ ಹೊಟ್ಟೆಯಲ್ಲಿ ಯಾವ ವಿಷವಿತ್ತು ಎಂದು ಪತ್ತೆ ಹಚ್ಚುವ ಶಾಸ್ತ್ರ. ಈಗ ಅದಕ್ಕೆ ವಿಧಿವಿಜ್ಞಾನವೆಂಬ ಚಂದದ ಹೆಸರು ಬಂದಿದೆ. ಆಗ ನಮ್ಮೂರಿನವರು ಅವರನ್ನು ಸುಮ್ಮನೆ 'ವಿಷದ ಮೇಷ್ಟ್ರು' ಎನ್ನುತ್ತಿದ್ದರು. ಪೊಲೀಸರು ಅರಗಿನ ಮುದ್ರೆ ಹಾಕಿ ಕಳಿಸುವ ಸೀಸೆಗಳ ಕಥೆಯನ್ನು ರಜೆಯಲ್ಲಿ ಬಂದಾಗ ಅವರು ಜಗಲಿಯಲ್ಲಿ ಕೂತು ಹೇಳಿದರೆ, ನಾವು ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು.

ಅಮ್ಮ ಶಿಕಾರಿಪುರದ ಹೆಣ್ಣು. ಮಾತು ಬೇರೆ, ಅಡುಗೆ ಬೇರೆ. ಅನ್ನವಿಲ್ಲದೆ ಊಟವೇ ಆಗದ ಮನೆಗೆ ಅವಳು ಜೋಳದ ರೊಟ್ಟಿಯನ್ನೂ ಬೆಳ್ಳುಳ್ಳಿ ಜಜ್ಜಿದ ಕೆಂಪು ಚಟ್ನಿಯನ್ನೂ ತಂದಿದ್ದಳು. ಮೊದಮೊದಲು ಎಲ್ಲರೂ ಚಪ್ಪರಿಸಿ ತಿಂದವರೇ. ಆಮೇಲೆ ನನ್ನ ಚಿಕ್ಕಪ್ಪನಿಗೆ ಹೊಟ್ಟೆನೋವು ಶುರುವಾಯಿತು. ಉಂಡದ್ದು ದಕ್ಕದೆ ದಿನದಿನಕ್ಕೆ ಸೊರಗಿದ. ನಮ್ಮ ಕಡೆ ಒಂದು ನಂಬಿಕೆ ಇತ್ತು, ಈಗಲೂ ಪೂರ್ತಿ ಹೋಗಿಲ್ಲ: ಕೆಲವು ಹೆಂಗಸರು ಊಟದಲ್ಲಿ ಮದ್ದು ಬೆರೆಸುತ್ತಾರೆ, ಅದು ಹೊಟ್ಟೆಯಲ್ಲಿ ಗಂಟಾಗಿ ಕೂತು ಮನುಷ್ಯನನ್ನು ನಿಧಾನವಾಗಿ ಸವೆಸುತ್ತದೆ ಎಂದು. ಅದನ್ನು ವಾಂತಿ ಮಾಡಿಸಿ ತೆಗೆಯುವವರೂ ಇದ್ದರು. ಬೇಸಿಗೆಯಲ್ಲಿ ಅಜ್ಜಿ ಅಂಥ ಒಬ್ಬನನ್ನು ಕರೆಸಿದಳು. ಅವನು ಚಿಕ್ಕಪ್ಪನಿಗೆ ಮೊದಲು ಯಾವುದೋ ಸೊಪ್ಪಿನ ರಸ, ಅದರ ಮೇಲೆ ಹಾಲು ಕುಡಿಸಿದ. ಚಿಕ್ಕಪ್ಪ ಅಂಗಳದಲ್ಲಿ ಕಾರಿಕೊಂಡಾಗ ಹಸಿರು ಗಂಟೊಂದು ಬಿತ್ತು. 'ನೋಡಿ, ಮದ್ದು' ಎಂದು ಅದನ್ನು ಬಾಳೆ ಎಲೆಯ ಮೇಲಿಟ್ಟು ಎಲ್ಲರಿಗೂ ತೋರಿಸಿದ.

ಯಾರೂ ಅಮ್ಮನ ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮರುದಿನದಿಂದ ಅಜ್ಜಿ ಅವಳಿಗೆ ಒಲೆ ಮುಟ್ಟಲು ಬಿಡಲಿಲ್ಲ. ಅಮ್ಮ ನೀರು ತಂದಳು, ಕಸ ಹೊಡೆದಳು, ಪಾತ್ರೆ ತಿಕ್ಕಿದಳು, ಬೇರೆಯವರು ಬಡಿಸಿದ್ದನ್ನು ಉಂಡಳು. ಅಪ್ಪ ಜಗಳ ಆಡುವವರಲ್ಲ, ಹೊತ್ತು ಮೂಡುವ ಮೊದಲೇ ಗದ್ದೆಗೆ ಹೊರಟುಬಿಡುತ್ತಿದ್ದರು. ರಜೆ ಮುಗಿದು ಶಾಲೆ ಶುರುವಾದಾಗ ನಾನು ಕೊಟ್ಟ ಪೇರಲೆಹಣ್ಣನ್ನು ಗೆಳತಿ ತೆಗೆದುಕೊಂಡು, ನಾನು ಅತ್ತ ತಿರುಗಿದ ಮೇಲೆ ಬೇಲಿಯಾಚೆ ಎಸೆದಳು. ಮರದಿಂದ ಕಿತ್ತ ಹಣ್ಣು, ಅದಕ್ಕೆ ಅಮ್ಮನ ಕೈಯೂ ತಾಗಿರಲಿಲ್ಲ. ನಾಚಿಕೆಯಿಂದ ನನ್ನ ಮೈಯೆಲ್ಲ ಬೆಂದುಹೋಯಿತು. ಆ ನಾಚಿಕೆ ಇವತ್ತಿಗೂ ಪೂರ್ತಿ ಆರಿಲ್ಲ.

ಆಗ ನಮ್ಮ ಪರವಾಗಿ ಮಾತಾಡಿದವರು ಮೇಷ್ಟ್ರೊಬ್ಬರೇ. ಬೇಸಿಗೆ ರಜೆಗೆ ಊರಿಗೆ ಬಂದಿದ್ದ ಅವರು, ಮದ್ದು ತೆಗೆಸಿದ ಮರುದಿನವೇ ಆ ಗಂಟನ್ನು ಒಂದು ಸೀಸೆಗೆ ಹಾಕಿ, ಮುಚ್ಚಳದ ಮೇಲೆ ಅರಗು ಕರಗಿಸಿ ಮುದ್ರೆ ಒತ್ತಿದರು. "ಅತ್ತಿಗೆ, ನೀವು ಹೆದರ್ಬೇಡಿ. ದಸರಾ ರಜಕ್ಕೆ ಬರ್ತೀನಲ್ಲ, ಇದ್ರಲ್ಲಿ ಎಂತ ಇದೆ ಅಂತ ಊರಿಗೇ ಹೇಳ್ತೀನಿ" ಎಂದರು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಜ್ಜಿಯೂ ಯೂನಿವರ್ಸಿಟಿ ಎಂಬ ಮಾತಿಗೆ ಸ್ವಲ್ಪ ಬಗ್ಗಿದಳು. "ಅವ್ರು ಏನೂ ಇಲ್ಲ ಅಂದ್ರೆ ಸೈ. ಭೂಮಿ ಹುಣ್ಣಿಮೆ ಅಡುಗೆ ಅವ್ಳೇ ಮಾಡ್ಲಿ. ಆಮೇಲೆ ಒಲೆ ಅವ್ಳದ್ದೇ" ಎಂದಳು.

ಆ ಮಳೆಗಾಲವಿಡೀ ಅಮ್ಮ ಆ ಸೀಸೆಯನ್ನೇ ನೆನೆದುಕೊಂಡು ಬದುಕಿದಳು. ಈಗೆಲ್ಲಿರಬಹುದು, ಮೇಷ್ಟ್ರು ಅದನ್ನು ಬಿಚ್ಚಿರಬಹುದೇ, ಯಾವ ಯಾವ ನೀರು ಹಾಕಿ ನೋಡುತ್ತಾರೋ ಎಂದು ನನ್ನನ್ನೇ ಕೇಳುವಳು, ನನಗೇನು ಗೊತ್ತು...

ದಸರೆಗೆ ಮೇಷ್ಟ್ರು ಬಂದರು. ಊರಿನ ಹಿರಿಯರನ್ನು ತಮ್ಮ ಜಗಲಿಗೆ ಕರೆದು ಹೇಳಿದರು: ಪಾಷಾಣ ಇಲ್ಲ, ದತ್ತೂರಿ ಇಲ್ಲ, ಬೇರೆ ಯಾವ ವಿಷವೂ ಇಲ್ಲ. ಹೇಳಿ ಸುಮ್ಮನಾಗಲಿಲ್ಲ. ಅದೇ ಸೊಪ್ಪನ್ನು ಹುಡುಕಿ ತಂದು, ರಸ ಹಿಂಡಿ, ಹಾಲು ಸೇರಿಸಿ ಲೋಟದಲ್ಲಿಟ್ಟರು. ಎಲ್ಲರೂ ಎಲೆಯಡಿಕೆ ಹಾಕಿ ಮುಗಿಸುವಷ್ಟರಲ್ಲಿ ಲೋಟದೊಳಗೆ ಹಸಿರು ಗಂಟು ಕಟ್ಟಿತ್ತು. ಹೊಟ್ಟೆಯಿಂದ ಬಂದದ್ದು ಮದ್ದು ತೆಗೆಯುವವನು ಕುಡಿಸಿದ್ದೇ ಹೊರತು ಬೇರೇನಲ್ಲ ಎಂದು ವಿವರಿಸಿದರು. ಹಿರಿಯರು ತಲೆದೂಗಿದರು. ಅಜ್ಜಿ ಮಾತು ಮುರಿಯಲಿಲ್ಲ, ಒಲೆ ಬಿಟ್ಟುಕೊಟ್ಟಳು.

ಭೂಮಿ ಹುಣ್ಣಿಮೆ ನಮ್ಮ ಕಡೆ ಭೂಮಿತಾಯಿಯ ಸೀಮಂತ. ತೆನೆ ಕಟ್ಟುವ ಗದ್ದೆ ಬಸುರಿಯಂತೆ, ಅವಳ ಬಯಕೆ ತೀರಿಸಲು ಬಗೆಬಗೆಯ ಅಡುಗೆ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತೊಯ್ದು, ಮೊದಲು ನೆಲಕ್ಕೆ ಬಡಿಸಿ, ಆಮೇಲೆ ಅಕ್ಕಪಕ್ಕದ ಗದ್ದೆಯವರು ಹಂಚಿಕೊಂಡು ಉಣ್ಣಬೇಕು. ಅಮ್ಮ ಇಡೀ ಊರಿಗೇ ಸಾಕಾಗುವಷ್ಟು ಮಾಡಿದ್ದಳು. ಸೌತೆಕಾಯಿ ಕಡುಬು, ಬುತ್ತಿ, ಪಲ್ಯಗಳು, ಜತೆಗೆ ತನ್ನ ತವರಿನ ರೊಟ್ಟಿ, ಚಟ್ನಿ. ನೆಲಕ್ಕೆ ಬಡಿಸಿದ್ದಾಯಿತು. ಊಟಕ್ಕೆ ಕೂರುವ ಹೊತ್ತು. ಅಮ್ಮ ಒಂದು ಎಲೆಯಲ್ಲಿ ರೊಟ್ಟಿ, ಚಟ್ನಿ ಇಟ್ಟುಕೊಂಡು, ಬದುವಿನ ಮೇಲೆ ನಿಂತಿದ್ದ ಮೇಷ್ಟ್ರ ಹತ್ತಿರ ಹೋದಳು. ಅವಳ ಮುಖದಲ್ಲಿ ಅಂಥ ಗೆಲುವನ್ನು ನಾನು ಆಮೇಲೆ ಎಂದೂ ನೋಡಲಿಲ್ಲ.

"ಮೊದ್ಲ ನೀವು ಉಣ್ರಿ ಮೇಷ್ಟ್ರೇ."

ನಮ್ಮದೂ ಅವರದೂ ಒಂದೇ ಪಂಗಡ, ಉಣ್ಣಲು ಬೇರೆ ಯಾವ ಅಡ್ಡಿಯೂ ಇರಲಿಲ್ಲ. ಸುತ್ತಲಿನ ಗದ್ದೆಯವರೆಲ್ಲ ತಿರುಗಿ ನೋಡಿದರು. ಮೇಷ್ಟ್ರು ಕೈ ಮುಂದೆ ಚಾಚಿದರು. ಅರ್ಧಕ್ಕೆ ನಿಂತ ಆ ಕೈ ಮೆಲ್ಲಗೆ ಬೆನ್ನ ಹಿಂದೆ ಹೋಯಿತು.

"ಬೆಳಿಗ್ಗೆಯಿಂದ ಹೊಟ್ಟೆ ಸರಿ ಇಲ್ಲ ಅತ್ತಿಗೆ... ಇನ್ನೊಂದ್ಸಲ" ಎಂದರು.

ಅಷ್ಟೇ. ಊರಿಗೆ ಬೇಕಾಗಿದ್ದ ರಿಪೋರ್ಟು ಅದೇ ಆಗಿತ್ತು. ಒಬ್ಬೊಬ್ಬರೇ ತಂತಮ್ಮ ಬುಟ್ಟಿಯ ಕಡೆ ತಿರುಗಿದರು. ಅಮ್ಮ ಎಲೆಯನ್ನು ಹಿಂದಕ್ಕೆ ತಂದು, ಎಲ್ಲರಿಗೂ ಕಾಣುವ ಹಾಗೆ ನಡುಗದ್ದೆಯ ಬದುವಿನಲ್ಲಿ ಕೂತು, ರೊಟ್ಟಿ ಮುರಿದು ತಿನ್ನತೊಡಗಿದಳು. ಒಂದು ಮುಗಿಸಿ ಇನ್ನೊಂದು ತೆಗೆದುಕೊಂಡಳು. ನಾನೂ ಪಕ್ಕದಲ್ಲಿ ಕೂತು ತಿಂದೆ. ಇಷ್ಟು ಜನರ ಕಣ್ಣೆದುರು ಅಮ್ಮ ಹೀಗೆ ತಿನ್ನುತ್ತಿದ್ದಾಳಲ್ಲ ಎಂದು ನೆಲಕ್ಕೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ವಿಚಿತ್ರವೆಂದರೆ ಆ ಹೊತ್ತಿನಲ್ಲಿ ಮೇಷ್ಟ್ರ ಬಗ್ಗೆ ನನಗೆ ಏನೂ ಅನ್ನಿಸಲಿಲ್ಲ.

ಚಿಕ್ಕಪ್ಪನದು ಹೊಟ್ಟೆಯ ಹುಣ್ಣು ಎಂದು ಶಿವಮೊಗ್ಗದ ಡಾಕ್ಟರು ಹೇಳಿ, ಔಷಧಿ ಕೊಟ್ಟು ವಾಸಿ ಮಾಡಿದ್ದು ಎಷ್ಟೋ ದಿನದ ಮೇಲೆ. ಅಷ್ಟರಲ್ಲಿ ಅಮ್ಮ ನನ್ನನ್ನು ಕರೆದುಕೊಂಡು ಶಿಕಾರಿಪುರದ ತವರಿಗೆ ಬಂದಾಗಿತ್ತು. ಅಪ್ಪ ಆಗಾಗ ಬಸ್ಸು ಹಿಡಿದು ಬರುತ್ತಿದ್ದರು, ಹೊಟ್ಟೆ ತುಂಬ ಉಂಡು ಹೋಗುತ್ತಿದ್ದರು. ವಾಪಸು ಬಾ ಎಂದು ಕರೆಯುವ ಧೈರ್ಯ ಅವರಿಗೂ ಬರಲಿಲ್ಲ, ಹೋಗುವ ಮನಸ್ಸು ಅಮ್ಮನಿಗೂ ಆಗಲಿಲ್ಲ.

ನಾನು ರಸಾಯನಶಾಸ್ತ್ರವನ್ನೇ ಓದಿದೆ. ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ಸಂಶೋಧನೆಗೆ ಸೇರಿದ್ದೂ ಮೇಷ್ಟ್ರ ಕೈಕೆಳಗೇ. ಗಿಡಮೂಲದ ವಿಷಗಳು ಹೊಟ್ಟೆಯೊಳಗೆ ಹೇಗೆ ಬದಲಾಗುತ್ತವೆ ಎನ್ನುವುದು ನನ್ನ ವಿಷಯವಾಗಿತ್ತು. ಅವರು ಒಳ್ಳೆಯ ಗುರು, ಅದರಲ್ಲಿ ಎರಡು ಮಾತಿಲ್ಲ. ಮುದ್ರೆ ಒಡೆದು ಬಂದ ಸೀಸೆಯನ್ನು ಮುಟ್ಟಗೊಡುತ್ತಿರಲಿಲ್ಲ, ಒಂದೇ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸುತ್ತಿದ್ದರು. ಪಾಠದಲ್ಲಿ ಒಂದು ಮಾತನ್ನು ಮಾತ್ರ ನನ್ನ ಕಡೆ ನೋಡದೆ ಹೇಳುತ್ತಿದ್ದರು: ನಿಮ್ಮ ಪರೀಕ್ಷೆಯನ್ನು ನೀವೇ ನಂಬದಿದ್ದರೆ ರಿಪೋರ್ಟಿಗೆ ಸಹಿ ಹಾಕಬೇಡಿ. ಗದ್ದೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದು ಸಂಜೆ ಪ್ರಯೋಗಾಲಯದಲ್ಲಿ ಇಬ್ಬರೇ ಇದ್ದಾಗ, ಗಾಜಿನ ಕೊಳವೆ ಒರೆಸುತ್ತ ಒರೆಸುತ್ತ ತಾವಾಗಿಯೇ ಹೇಳಿದರು.

"ವಿಷ ಇಲ್ಲ ಅಂತ ನಂಗೆ ಗೊತ್ತಿತ್ತು ಮಾರಾಯ್ತಿ. ನಾನೇ ನೋಡಿದ್ನಲ್ಲ. ಆದ್ರೆ ಮದ್ದಿನ ಮನೇಲಿ ನೀರು ಮುಟ್ಟಬೇಡ ಅಂತ ನಮ್ಮಮ್ಮ ಸಣ್ಣೋನಿದ್ದಾಗಿಂದ ಹೇಳಿ ಹೇಳಿ... ಕೈಯೇ ಮುಂದೆ ಹೋಗ್ಲಿಲ್ಲ. ಹೇಸಿಗೆ ಆಗತ್ತೆ ನನ್ ಮೇಲೆ ನಂಗೇ."

ಒರೆಸಿದ ಕೊಳವೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, "ಅತ್ತಿಗೆ ಊಟಕ್ಕೆ ಕರೀತಾರಾ ಅಂತ ಒಂದ್ಮಾತು ಕೇಳು" ಎಂದರು.

ಶಿಕಾರಿಪುರಕ್ಕೆ ಹೋದಾಗ ಕೇಳಿದೆ. ಅಮ್ಮ ಹಿಟ್ಟು ನಾದುತ್ತ ಕೂತಿದ್ದಳು. "ಬರ್ಲಿ ಬಿಡು. ಅವತ್ತು ಗದ್ದೆಯಾಗ ಎಲ್ಲಾರ ಮುಂದೆ ಉಂಡಿದ್ರೆ ನನ್ನ ಒಲೆ ನನಗ ಸಿಗ್ತಿತ್ತು. ಈಗ ಇಲ್ಲಿ ಬಂದು ಉಂಡ್ರೆ ಅವ್ರ ಹೊಟ್ಟೆ ತುಂಬ್ತತಿ, ಅಷ್ಟೆ" ಎಂದಳು. ಈ ಮಾತನ್ನು ನಾನು ಮೇಷ್ಟ್ರಿಗೆ ಮುಟ್ಟಿಸಲಿಲ್ಲ. ಬರಬೇಕಂತೆ ಎಂದಷ್ಟೇ ಹೇಳಿದೆ.

ಅವರು ಶಿಕಾರಿಪುರಕ್ಕೆ ಬಂದರು. ಕೂದಲು ಆಗಲೇ ಬೆಳ್ಳಗಾಗಿತ್ತು. ಅಮ್ಮ ಮಣೆ ಹಾಕಿ, ಎಲೆ ಇಟ್ಟು, ರೊಟ್ಟಿ ತಂದಳು. ಬಡಿಸುವ ಮೊದಲು ಅಂಚಿನಿಂದ ಒಂದು ಚೂರು ಮುರಿದು, ಚಟ್ನಿಯಲ್ಲಿ ಅದ್ದಿ, ಅವರಿಗೆ ಕಾಣುವ ಹಾಗೆ ತನ್ನ ಬಾಯಿಗೆ ಹಾಕಿಕೊಂಡಳು. ಆಮೇಲೆ ಉಳಿದದ್ದನ್ನು ಎಲೆಗೆ ಬಡಿಸಿದಳು. ಅವಳು ಯಾರಿಗೇ ಬಡಿಸಲಿ, ಹಾಗೇ ಮಾಡುತ್ತಿದ್ದಳು. ಚಿಕ್ಕಂದಿನಿಂದ ನೋಡಿ ನೋಡಿ ನನಗದು ಕಾಣುವುದೇ ನಿಂತುಹೋಗಿತ್ತು. ಮೇಷ್ಟ್ರಿಗೆ ಕಂಡಿತು.

"ಬೇಡ ಅತ್ತಿಗೆ... ನೀವು ತಿಂದು ತೋರಿಸ್ಬೇಡಿ" ಎಂದರು.

"ತೋರ್ಸೂದಲ್ರಿ. ರೂಢಿ ಆಗೇತಿ" ಎಂದಳು ಅಮ್ಮ.

ಮೇಷ್ಟ್ರು ತಲೆ ತಗ್ಗಿಸಿಕೊಂಡು ರೊಟ್ಟಿ ಉಂಡರು. ಅಮ್ಮ ಇನ್ನೊಂದು ಬಡಿಸಿದಳು, ಅದರ ಅಂಚನ್ನೂ ಮುರಿದುಕೊಂಡೇ.

ಇಬ್ಬರೂ ಈಗಿಲ್ಲ. ಮೇಷ್ಟ್ರು ಹೋದ ಸುದ್ದಿ ಕೇಳಿ ಅಮ್ಮ ಆ ದಿನ ಒಲೆ ಹಚ್ಚಲಿಲ್ಲ. ನನಗೆ ವಿದ್ಯೆ ಕೊಟ್ಟವರು ಅವರು, ಅವರ ಮೇಲೆ ಸಿಟ್ಟು ಇಟ್ಟುಕೊಳ್ಳಲು ನನ್ನಿಂದಾಗಲಿಲ್ಲ. ಕ್ಷಮಿಸುವುದು ನನ್ನ ಕೈಯಲ್ಲಿರಲಿಲ್ಲ, ಅದು ಅಮ್ಮನಿಗೆ ಸೇರಿದ್ದು...

ಮೊನ್ನೆ ಪಾಠ ಅರ್ಧಕ್ಕೆ ನಿಲ್ಲಿಸಿ ಎಲ್ಲರನ್ನೂ ಊಟಕ್ಕೆ ಕಳಿಸಿದೆ. ಹಿಂದಿನ ಬೆಂಚಿನ ಹುಡುಗಿ ಮಾತ್ರ ಡಬ್ಬಿ ಹಿಡಿದುಕೊಂಡು, ಬೈಯುತ್ತಾರೇನೋ ಎಂಬ ಮುಖದಲ್ಲಿ ನನ್ನ ಮೇಜಿನ ಹತ್ತಿರ ಬಂದಳು. ಬಾ, ನನ್ನದೂ ಅದೇ ಊಟ ಎಂದು ನನ್ನ ಡಬ್ಬಿಯನ್ನೂ ತೆರೆದೆ. ಅವಳ ಕಡೆ ಒಂದು ರೊಟ್ಟಿ ಚಾಚಿದೆ. ಚಾಚುವ ಮೊದಲೇ ನನ್ನ ಕೈ ಅದರ ಅಂಚು ಮುರಿದು, ಚಟ್ನಿಯಲ್ಲಿ ಅದ್ದಿ, ನನ್ನ ಬಾಯಿಗೆ ಹಾಕಿಯಾಗಿತ್ತು.

"ಉಪ್ಪು ನೋಡಿದ್ರಾ ಮೇಡಂ?" ಎಂದು ಹುಡುಗಿ ನಕ್ಕಳು.

"ಹೂಂ, ಉಪ್ಪು ನೋಡ್ದೆ. ತಿನ್ನು" ಎಂದೆ.